ಆಲೆಮನೆಗೆ ಬಂದ ಹೆಡ್ ಮೇಷ್ಟ್ರು

ನಮ್ಮ ಹೈಸ್ಕೂಲಿನ ಗಂಟೆಯನ್ನು ಹುಡುಗರೇ ಕದ್ದು ಹಿತ್ತಲಿನ ಬಾವಿಗೆ ಹಾಕಿದ್ದರು. ಗಂಟೆ ಅಂದರೆ ಹೊಂಗೆಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡು, ಅಷ್ಟೆ. ಅದು ಹೋದ ಮೇಲೆ ಯಾವ ಪಾಠ ಎಲ್ಲಿಗೆ ಮುಗಿಯಿತು, ಊಟಕ್ಕೆ ಯಾವಾಗ ಬಿಡಬೇಕು, ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಜವಾನ ಬಾಗಿಲಲ್ಲಿ ನಿಂತು ತಟ್ಟೆ ಬಡಿಯುತ್ತಿದ್ದ. ಹಿಂದಿನ ಬೆಂಚಿನವರು "ತಟ್ಟೆ ಬಂತು, ಮುದ್ದೆ ಎಲ್ಲಿ?" ಎಂದು ಕೂಗುತ್ತಿದ್ದರು. ಐವತ್ತರ ದಶಕದ ಶಾಲೆ ಅಂದರೆ ಈಗಿನವರು ಏನೋ ಶಿಸ್ತು, ಏನೋ ಗುರುಭಕ್ತಿ ಅಂದುಕೊಂಡಿರುತ್ತಾರೆ. ಅಯ್ಯೋ, ಸುಮ್ಮನಿರಿ! ನಾನು ಅಲ್ಲೇ ಕೂತು ಓದಿದವಳು.

ಭತ್ತದ ಕುಯ್ಲು ಬಂತು ಅಂದರೆ ಕ್ಲಾಸಿನಲ್ಲಿ ಅರ್ಧ ಹುಡುಗರಿಲ್ಲ. ಕಬ್ಬು ಅರೆಯುವ ಕಾಲ ಬಂದರೆ ಉಳಿದವರಲ್ಲೂ ಅರ್ಧ ಇಲ್ಲ. ಹೋದವರಲ್ಲಿ ಎಷ್ಟೋ ಜನ ತಿರುಗಿ ಬರುತ್ತಲೇ ಇರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳುವವರೂ ಇರಲಿಲ್ಲ. ಗಣಿತದ ಮೇಷ್ಟ್ರೇ ದಸರಾ ರಜೆಗೆ ಊರಿಗೆ ಹೋದವರು ಅಲ್ಲಿಗೇ ವರ್ಗ ಮಾಡಿಸಿಕೊಂಡು ಉಳಿದುಬಿಟ್ಟರು. ಮೇಷ್ಟ್ರೇ ಶಾಲೆ ಬಿಟ್ಟ ಮೇಲೆ ಹುಡುಗರದೇನು ಹೇಳೋದು! ಹೆಣ್ಣುಮಕ್ಕಳ ಕತೆ ಇನ್ನೂ ಸಲೀಸು. ಒಬ್ಬಳು ದೊಡ್ಡವಳಾದಳು, ಬಿಟ್ಟಳು. ಒಬ್ಬಳಿಗೆ ಗಂಡು ಗೊತ್ತಾಯಿತು, ಬಿಟ್ಟಳು. ಎಸ್ಸೆಸ್ಸೆಲ್ಸಿ ವರ್ಷಕ್ಕೆ ಬರುವ ಹೊತ್ತಿಗೆ ಇಡೀ ಕ್ಲಾಸಿನಲ್ಲಿ ಹುಡುಗಿಯರು ನಾವು ಮೂವರು. ಕೃಷ್ಣರಾಜನಗರದ ಆಚೆ, ಕಾಲುವೆ ಏರಿಯ ಮೇಲೆ ನಡೆದು ಬರುವ ನಮ್ಮೂರಿಂದ ನಾನೊಬ್ಬಳೇ.

ಹೆಡ್ ಮೇಷ್ಟ್ರು ಮೈಸೂರಿನವರು. ಮುಚ್ಚುಗೋಟು, ಪಂಚೆ, ತಲೆಗೆ ಪೇಟ. ದನಿ ಎಷ್ಟು ಮೆತ್ತಗೆ ಅಂದರೆ ಬಯ್ದರೂ ಯಾರಿಗೋ ವಿಳಾಸ ಕೇಳಿದ ಹಾಗಿರುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಈ ಗುಟ್ಟು ಇಡೀ ಶಾಲೆಗೆ ಗೊತ್ತಿತ್ತು. ದಿನಾ ಮಧ್ಯಾಹ್ನ ಅವರ ಮನೆಯಿಂದ ಹಿತ್ತಾಳೆ ಲೋಟದಲ್ಲಿ ಹಾಗಲಕಾಯಿ ರಸ ಬರುತ್ತಿತ್ತು. ಅವರು ಕಣ್ಣು ಮುಚ್ಚಿ, ಮುಖ ಹಿಂಡಿ ಅದನ್ನು ಒಂದೇ ಗುಟುಕಿಗೆ ಕುಡಿಯುತ್ತಿದ್ದರು. ಕಿಟಕಿಯಾಚೆ ಹುಡುಗರು ಸಾಲಾಗಿ ನಿಂತು ಅದೇ ಮುಖ ಮಾಡುತ್ತಿದ್ದರು. ಅವರಿಗೆ ಅದು ಕಾಣುತ್ತಿತ್ತು, ಆದರೂ ಒಂದು ಮಾತು ಆಡುತ್ತಿರಲಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಎರಡು ಬಾರಿಸಬಾರದಾ ಈ ಮನುಷ್ಯ ಅನ್ನಿಸುತ್ತಿತ್ತು.

ಆ ಕಿಟಕಿ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವನು ನಮ್ಮ ಕ್ಲಾಸಿನ ಒಬ್ಬ. ನಾವು ಹುಡುಗಿಯರು ಅವನನ್ನು ಯಜಮಾನ ಎಂದು ಕರೆಯುತ್ತಿದ್ದೆವು, ಎದುರಿಗಲ್ಲ, ಹಿಂದಿನಿಂದ. ಪಿರಿಯಾಪಟ್ಟಣದ ಕಡೆಯವನು. ತಾಯಿತಂದೆ ಇಲ್ಲ, ಪೇಟೆಯಲ್ಲಿದ್ದ ಅಕ್ಕನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಓದುತ್ತಿದ್ದ ಅಂದರೆ ಬೆಂಚು ಕಾಯುತ್ತಿದ್ದ. ಎರಡು ಸಲ ಡುಮ್ಕಿ ಹೊಡೆದು ಗಡ್ಡ ಮೀಸೆ ಬಂದಿತ್ತು. ಗಂಟೆ ಬಾವಿಗೆ ಹಾಕಿಸಿದ್ದು ಅವನೇ. ಇಂಗ್ಲಿಷ್ ಮೇಷ್ಟ್ರ ಕುರ್ಚಿಗೆ ನಸುಗುನ್ನಿ ಉಜ್ಜಿದ್ದೂ ಅವನೇ. ಪಾಪ, ಆ ಮೇಷ್ಟ್ರು ಅವತ್ತು ಇಡೀ ಪದ್ಯವನ್ನು ಕೆರೆದುಕೊಳ್ಳುತ್ತಲೇ ಮುಗಿಸಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಪೇಟೆ ಹುಡುಗರಿಗೂ ಹಳ್ಳಿ ಹುಡುಗರಿಗೂ ಕಾಂಪೌಂಡಿನಲ್ಲಿ ಮಾರಾಮಾರಿ ಬಿತ್ತು. ಕಾರಣ ಏನಂತ ಇವತ್ತಿಗೂ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಲ್ಲ. ನಾನು ನೀರು ಕುಡಿದು ಜಗುಲಿಗೆ ಹತ್ತುತ್ತಿದ್ದೆ. ಒಂದು ಕಲ್ಲು ಬಂದು ಹುಬ್ಬಿನ ಮೇಲೆ ಬಡಿಯಿತು. ರಕ್ತ ದಾವಣಿ ತುಂಬ ಇಳಿಯಿತು. ಹೆಡ್ ಮೇಷ್ಟ್ರು ತಮ್ಮ ಪೇಟ ಬಿಚ್ಚಿ, ಅದರ ಬಟ್ಟೆಯನ್ನೇ ಹರಿದು ನನ್ನ ಹಣೆಗೆ ಕಟ್ಟಿದರು. ಅವರ ಬೋಳುತಲೆ ನಾನು ನೋಡಿದ್ದು ಅವತ್ತೇ ಮೊದಲು.

ಸಂತೆಗೆ ಬಂದಿದ್ದ ಅಪ್ಪನಿಗೆ ಸುದ್ದಿ ಮುಟ್ಟಿತು. ಗಾಡಿಯನ್ನು ನೇರ ಶಾಲೆಗೇ ಹೊಡೆದುಕೊಂಡು ಬಂದ. ನನ್ನ ಮುಖ ನೋಡಿದ. ಯಾರನ್ನೂ ಏನೂ ಕೇಳಲಿಲ್ಲ. ನನ್ನ ಪುಸ್ತಕದ ಚೀಲವನ್ನು ಗಾಡಿಯ ಹುಲ್ಲಿನ ಮೇಲೆ ಎಸೆದು, ನನ್ನನ್ನು ಎತ್ತಿ ಕೂರಿಸಿದ.

"ಇಸ್ಕೂಲಲ್ಲ ಕಣವ್ವ ಇದು, ಗರಡಿಮನೆ. ಗರಡೀಲಾದ್ರೂ ಒಬ್ಬ ಉಸ್ತಾದ್ ಇರ್ತಾನೆ. ಓದಿದ್ದು ಸಾಕು ಬುಡು. ಕಣ್ಣು ಓಗಿದ್ರೆ ಯಾವ ಸರಸ್ವತಿ ಬಂದು ಕೊಡ್ತಿದ್ಲು?"

ನಾನು ದಾರಿಯುದ್ದಕ್ಕೂ ಅತ್ತೆ, ಬೇಡಿಕೊಂಡೆ, ಕೊನೆಗೆ ಜಗಳವಾಡಿದೆ. ಅಪ್ಪ ಎತ್ತಿನ ಜೊತೆ ಮಾತಾಡಿಕೊಂಡು ಬಂದನೇ ಹೊರತು ನನ್ನ ಜೊತೆ ಆಡಲಿಲ್ಲ. ವಾರ ಕಳೆಯುವುದರೊಳಗೆ ಹನಗೋಡಿನ ಕಡೆಯಿಂದ ಒಂದು ಗಂಡಿನ ಮಾತು ಬಂತು. ಲಕ್ಷ್ಮಣತೀರ್ಥದ ದಂಡೆಯಲ್ಲೇ ಗದ್ದೆಯಂತೆ. ಸೋದರತ್ತೆ ನೋಡಿಕೊಂಡು ಬಂದು, ಹುಡುಗನ ಮೀಸೆ ಬಲು ಚೆಂದ ಎಂದು ಹೊಗಳಿದಳು. ಮೀಸೆ ಕಟ್ಟಿಕೊಂಡು ನಾನೇನು ಮಾಡಲಿ? ಆಲೆಮನೆ ಕೆಲಸ ಮುಗಿಯಲಿ, ಆಮೇಲೆ ಶಾಸ್ತ್ರ ಇಟ್ಟುಕೊಳ್ಳೋಣ ಅಂತ ಮಾತಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಅದೇ ಹೊತ್ತಿಗೆ. ಒಂದಾದರೆ ಇನ್ನೊಂದಿಲ್ಲ ಅಂತ ಚಿಕ್ಕ ಮಗುವಿಗೂ ತಿಳಿಯುವ ಹಾಗಿತ್ತು.

ನಮ್ಮ ಆಲೆಮನೆ ಕಬ್ಬಿನ ಗದ್ದೆಯ ಅಂಚಿನಲ್ಲೇ. ಗರಿ ಹೊದಿಸಿದ ಚಪ್ಪರ, ಎತ್ತು ಕಟ್ಟಿ ಅರೆಯುವ ಗಾಣ, ಒಲೆಯ ಮೇಲೆ ಆಳು ಕೂರುವಷ್ಟು ದೊಡ್ಡ ಕೊಪ್ಪರಿಗೆ. ನನಗೆ ಒಣಗಿದ ಸಿಪ್ಪೆ ಹೊತ್ತು ತಂದು ಒಲೆಯ ಬಾಯಿಗೆ ಹಾಕುವ ಕೆಲಸ. ಹೊಗೆ ಇದ್ದದ್ದು ಒಳ್ಳೆಯದೇ ಆಯಿತು, ಅತ್ತರೆ ಯಾರೂ ಕೇಳುತ್ತಿರಲಿಲ್ಲ.

ಆಲೆಮನೆಗೆ ಒಂದು ಕಟ್ಟಳೆ ಉಂಟು. ಅಲ್ಲಿಗೆ ಯಾರೇ ಬರಲಿ, ಹಗೆಯೇ ಬರಲಿ, ಒಂದು ಚೊಂಬು ಕಬ್ಬಿನ ಹಾಲು, ಒಂದು ಮುದ್ದೆ ಬಿಸಿ ಬೆಲ್ಲ ಕೊಟ್ಟೇ ಕಳಿಸಬೇಕು. ಬಂದವರು ಬಾಯಿ ಸಿಹಿ ಮಾಡಿಕೊಳ್ಳದೆ ಹೋದರೆ ಪಾಕ ಮುರಿಯುತ್ತದೆ, ಬೆಲ್ಲ ಗಟ್ಟಿಯಾಗುವುದಿಲ್ಲ ಅಂತ ನಮ್ಮವರ ನಂಬಿಕೆ. ಆ ವರ್ಷವೇ ಒಂದು ಪಾಕ ಹಾಳಾಗಿತ್ತು. ಅಚ್ಚಿಗೆ ಹೊಯ್ದದ್ದು ಅಂಟಂಟಾಗಿ ಹಾಗೇ ಉಳಿಯಿತು. ಹಿಂದಿನ ದಿನ ಬಳೆಗಾರ್ತಿ ಒಬ್ಬಳು ಅವಸರದಲ್ಲಿ ಏನೂ ಮುಟ್ಟದೆ ಹೋಗಿದ್ದಳು, ಅದಕ್ಕೇ ಹೀಗಾಯಿತು ಅಂತ ನಮ್ಮ ಅಜ್ಜಿ, ಅಪ್ಪನ ತಾಯಿ, ತೀರ್ಪು ಕೊಟ್ಟಳು. ಅಜ್ಜಿಯ ತೀರ್ಪಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ಇಂಥಾ ಆಲೆಮನೆಗೆ ಒಂದು ಮಧ್ಯಾಹ್ನ ಸೈಕಲ್ಲೊಂದು ಬಂತು. ತುಳಿಯುತ್ತಿದ್ದವನು ಯಜಮಾನ. ಹಿಂದೆ ಕ್ಯಾರಿಯರಿನ ಮೇಲೆ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಪೇಟ ಗಟ್ಟಿಯಾಗಿ ಹಿಡಿದುಕೊಂಡು ಕೂತವರು ನಮ್ಮ ಹೆಡ್ ಮೇಷ್ಟ್ರು! ಪಂಚೆಯ ತುಂಬ ಧೂಳು. ಇಳಿದವರೇ ಅಪ್ಪನಿಗೆ ಕೈ ಮುಗಿದರು.

"ತಮ್ಮ ಮಗಳನ್ನು ಶಾಲೆಗೆ ಕಳಿಸಿಕೊಡಬೇಕು ಅಂತ ಕೇಳೋಕೆ ಬಂದೆ. ಅವಳು ಪಾಸಾಗೋ ಹುಡುಗಿ."

"ಕಲ್ಲು ಬಿದ್ದಾಗ ಎಲ್ಲಿದ್ರಿ ಸ್ವಾಮಿ?" ಅಂದ ಅಪ್ಪ.

ಅವರು ಉತ್ತರ ಕೊಡುವ ಮೊದಲೇ ಯಜಮಾನ ಮುಂದೆ ಬಂದ. ಸುತ್ತ ಕಬ್ಬು ಕಡಿಯುವ ಆಳುಗಳು, ಒಬ್ಬೊಬ್ಬರ ಕೈಯಲ್ಲೂ ಮಚ್ಚು. ಅವನ ಮುಖದಲ್ಲಿ ರಕ್ತ ಇರಲಿಲ್ಲ.

"ಕಲ್ಲು ಬೀರಿದ್ದು ನಾನೇ ಗೌಡ್ರೆ. ಇವಳಿಗಲ್ಲ, ಬ್ಯಾರೆಯೋನಿಗೆ. ಗುರಿ ತಪ್ತು. ತಪ್ಪಾಯ್ತು."

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೆಟ್ಟಗೆ ಗುರಿ ಇಡಾಕೂ ಬರಾಕಿಲ್ವೇನ್ಲಾ ನಿಂಗೆ? ಅಲ್ಲಿ ಇನ್ನೇನ್ಲಾ ಕಲ್ತೆ?" ಅಂದ. ಆಳುಗಳು ನಕ್ಕುಬಿಟ್ಟರು. ನನಗೂ ನಗು ಬಂತು, ನಗಬಾರದು ಅಂತ ತುಟಿ ಕಚ್ಚಿಕೊಂಡೆ.

ಆದರೆ ನಗು ಬೇರೆ, ತೀರ್ಮಾನ ಬೇರೆ. ಅಪ್ಪ "ಬಂದಿದ್ದು ಸಂತೋಸ. ಮಗಳ ಮಾತು ಮುಗೀತು. ಕುಂತ್ಕಳಿ, ಬಾಯಿ ಸಿಹಿ ಮಾಡ್ಕಂಡು ಓಗಿ" ಎಂದು ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲ ಇಟ್ಟು ತಂದ. ಹೆಡ್ ಮೇಷ್ಟ್ರು ಕೈ ಅಡ್ಡ ಮಾಡಿದರು. "ಬೇಡಿ, ದಯವಿಟ್ಟು ಬೇಡಿ." ಅಪ್ಪ ಕಬ್ಬಿನ ಹಾಲು ಮುಂದೆ ಹಿಡಿದ. ಅದನ್ನೂ ಬೇಡವೆಂದರು. ಕಾಯಿಲೆಯ ಮಾತನ್ನು ಕಂಡವರ ಮುಂದೆ ಎತ್ತೋದಕ್ಕೆ ಆ ನಾಚಿಕೆಯ ಮನುಷ್ಯನಿಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿ ನಿಂತರು, ಅಷ್ಟೆ.

ಅಪ್ಪನ ಮುಖ ಇಳಿದುಹೋಯಿತು. ಮಂಚದ ಮೇಲೆ ಕೂತಿದ್ದ ಅಜ್ಜಿ ಎದ್ದೇಬಿಟ್ಟಳು. ಮಗೂನ ಕಳಿಸೋವರೆಗೂ ಈ ಮೇಷ್ಟ್ರು ಸಿಹಿ ಮುಟ್ಟುವುದಿಲ್ಲ ಅಂತ ಹಟ ಹಿಡಿದಿದ್ದಾರೆ ಎಂದೇ ಅವರಿಬ್ಬರೂ ತಿಳಿದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಸತ್ಯಾಗ್ರಹ ಇಲ್ಲ. ನಾನು ಒಲೆಯ ಹತ್ತಿರದಿಂದ ಯಜಮಾನನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಹಾಗಲಕಾಯಿ ರಸ ಗೊತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಇಬ್ಬರೂ ಆಡಲಿಲ್ಲ. ಅವನಂತೂ ಕಳ್ಳ, ತನಗೆ ಕೊಟ್ಟ ಚೊಂಬನ್ನೂ ಕೆಳಗಿಟ್ಟು, "ಮೇಷ್ಟ್ರು ಮುಟ್ದೆ ನಾನೂ ಮುಟ್ಟಾಕಿಲ್ಲ" ಎಂದು ಕೈ ಕಟ್ಟಿ ನಿಂತ. ಬಾಯಲ್ಲಿ ನೀರೂರುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ಕೊಪ್ಪರಿಗೇಲಿ ಪಾಕ ಅದೆ ಕಣ್ಲಾ ಮಗ," ಅಂದಳು ಅಜ್ಜಿ ಅಪ್ಪನಿಗೆ. "ಇಬ್ರು ಒಣಬಾಯಲ್ಲಿ ನಿಂತವ್ರೆ. ಅದ್ರಲ್ಲೂ ವಿದ್ಯೆ ಏಳೋರು. ಮಾತ್ ಕೊಟ್ಬುಡು. ಮದ್ವೆ ಎಲ್ಲಿಗೂ ಓಡೋಗಾಕಿಲ್ಲ."

"ಇನ್ನೊಂದ್ ಕಲ್ಲು ಬಿದ್ರೆ ಯಾರವ್ವ ಜವಾಬ್ದಾರಿ?"

"ನಾನು," ಅಂದ ಯಜಮಾನ.

"ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗಾಯ್ತು!" ಎಂದು ಅಪ್ಪ ಗುಡುಗಿದ. ಅವನು ಜಗ್ಗಲಿಲ್ಲ. "ಪರೀಕ್ಸೆ ಮುಗಿಯೋಗಂಟ ಕಾಲುವೆ ಏರಿಯಿಂದ ಇಸ್ಕೂಲ್ಗೆ, ಇಸ್ಕೂಲಿಂದ ಏರಿಗೆ, ಹಿಂದ್ಗಡೆ ನಡ್ಕಬತ್ತೀನಿ. ಯಾವನ್ ಕೈ ಎತ್ತಾನೆ ನೋಡ್ತೀನಿ" ಅಂದ.

ಅಪ್ಪ ಕೊಪ್ಪರಿಗೆಯ ಪಾಕವನ್ನು ಒಂದು ಸಲ ಸೌಟಿನಲ್ಲಿ ತಿರುವಿ ನೋಡಿದ. ಆಮೇಲೆ "ಸರಿ, ಕಳಿಸ್ತೀನಿ" ಅಂದ. ನನ್ನ ಕೈಯಲ್ಲಿದ್ದ ಸಿಪ್ಪೆ ಅಲ್ಲೇ ಬಿತ್ತು. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗೀತು? ಅಪ್ಪ ಮತ್ತೆ ಎಲೆಯನ್ನು ಹೆಡ್ ಮೇಷ್ಟ್ರ ಮುಂದೆ ಹಿಡಿದ. ಅಜ್ಜಿ ಪಕ್ಕದಲ್ಲೇ ನಿಂತು, "ಈಗ ತಗಳಿ ಸ್ವಾಮಿ. ನೀವು ತಿಂದ್ರೇ ಕೊಟ್ಟ ಮಾತು ಗಟ್ಟಿ" ಅಂದಳು.

ಎಲೆಯ ಮೇಲೆ ಹಿಡಿ ತುಂಬುವಷ್ಟು ಬೆಲ್ಲ. ಯಜಮಾನ "ಸಾರ್..." ಎಂದು ಒಂದು ಹೆಜ್ಜೆ ಮುಂದೆ ಬಂದ. ಮೇಷ್ಟ್ರು ಅವನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಎಲೆ ತೆಗೆದುಕೊಂಡರು. ನಿಧಾನವಾಗಿ, ಒಂದು ಚೂರೂ ಬಿಡದೆ ತಿಂದರು. ಚೊಂಬಿನ ಹಾಲನ್ನೂ ಕುಡಿದರು. ಮುಖ ಹಿಂಡಲಿಲ್ಲ. ಅಪ್ಪನಿಗೆ ಕೈ ಮುಗಿದು, "ನಾಳೆಯಿಂದಲೇ ಬರಲಿ" ಎಂದು ಹೇಳಿ ಸೈಕಲ್ ಹತ್ತಿದರು. ಬಾಯಿ ಬಿಟ್ಟು ತಡೆಯಲಿಕ್ಕೆ ನನ್ನಿಂದ ಆಗಲಿಲ್ಲ. ತಡೆದಿದ್ದರೆ ಹನಗೋಡು.

ಮಾರನೆಯ ದಿನ ನಾನು ಶಾಲೆಗೆ ಹೋದೆ. ಹೆಡ್ ಮೇಷ್ಟ್ರು ಬಂದಿರಲಿಲ್ಲ. ಅವರು ತಿರುಗಿ ಬರುವ ಹೊತ್ತಿಗೆ ಮುಖ ಸೊರಗಿ, ಕೋಟು ಸಡಿಲವಾಗಿತ್ತು. ಆ ದಿನ ಕಿಟಕಿಯಾಚೆ ಒಬ್ಬ ಹೊಸಬ ಮುಖ ಹಿಂಡಿ ಅಣಕಿಸಿದ. ಯಜಮಾನ ಅವನ ಕಿವಿ ಹಿಡಿದು ಬಾವಿಯವರೆಗೂ ಎಳೆದುಕೊಂಡು ಹೋದ. ಆಮೇಲೆ ಆ ಕಿಟಕಿಯ ಹತ್ತಿರ ಯಾರೂ ನಿಲ್ಲಲಿಲ್ಲ. ಹಾಗಂತ ಶಾಲೆಯೇನೂ ಗುರುಕುಲ ಆಗಲಿಲ್ಲ ಬಿಡಿ. ಗಲಾಟೆ ಗಲಾಟೆಯೇ. ಬರದವರು ಬರಲೇ ಇಲ್ಲ. ಆದರೆ ಸಂಜೆ ಏರಿಯ ಮೇಲೆ ನಾನು ನಡೆಯುವಾಗ ಹಿಂದೆ ದೂರದಲ್ಲಿ ಒಂದು ಸಿಳ್ಳೆ ಕೇಳುತ್ತಿತ್ತು. ಅವನು ಹತ್ತಿರವೂ ಬರುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಕೊಟ್ಟ ಮಾತನ್ನು ಅಷ್ಟು ನೆಟ್ಟಗೆ ನಡೆಸಿದ ಗಂಡಸರನ್ನು ಆಮೇಲೂ ನಾನು ಹೆಚ್ಚು ಕಂಡಿಲ್ಲ.

ನಾನು ಪಾಸಾದೆ. ಪೇಪರಿನಲ್ಲಿ ನಂಬರು ಬಂತು. ಅಪ್ಪ ಆ ಪೇಪರನ್ನು ಮಡಿಸಿ ತಲೆಗೆ ಸುತ್ತಿದ ಟವಲಿನೊಳಗೆ ಇಟ್ಟುಕೊಂಡು ಊರೆಲ್ಲ ತಿರುಗಿದ. ಹನಗೋಡಿನವರು ಅಷ್ಟು ಓದಿದ ಹೆಣ್ಣು ಬೇಡವೆಂದರು. ಅವರಿಗೂ ನಾನು ಋಣಿ. ಹೆಡ್ ಮೇಷ್ಟ್ರಿಗೆ ಹೇಳಿ ಬರೋಣ ಅಂದರೆ ಅವರು ಅಲ್ಲಿರಲಿಲ್ಲ. ಶಾಲೆ ಹತೋಟಿಯಲ್ಲಿಲ್ಲ, ಹುಡುಗರು ಬಿಟ್ಟು ಹೋಗುತ್ತಾರೆ ಅಂತ ತಪ್ಪೆಲ್ಲ ಅವರ ತಲೆಗೆ ಕಟ್ಟಿ, ಕಾಡಿನ ಮಗ್ಗುಲಿಗೆ ಹೆಗ್ಗಡದೇವನಕೋಟೆಗೆ ವರ್ಗ ಮಾಡಿದ್ದರು. ಕೇಳಿ ನನಗೆ ಎಂಥ ಕೋಪ ಬಂತು! ಇದ್ದವರಲ್ಲಿ ಹುಡುಗರ ಮನೆ ಬಾಗಿಲಿಗೆ ಹೋದವರು ಅವರೊಬ್ಬರೇ.

ಅಪ್ಪನೂ ನಾನೂ ಹೊರಟೆವು. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿದರೆ ಬಾಗಿಲಲ್ಲಿ ಜೋತಾಡುತ್ತ "ಕೋಟೆ, ಕೋಟೆ" ಎಂದು ಕೂಗುತ್ತಿದ್ದ ಕ್ಲೀನರ್ ಯಾರು? ಯಜಮಾನ! ಅವನು ಮೂರನೇ ಸಲವೂ ಫೇಲಾಗಿದ್ದ. ಭಾವ ಇನ್ನು ಅನ್ನ ಹಾಕೋದಿಲ್ಲ ಅಂದರಂತೆ.

"ಇನ್ನೊಂದು ಸಲ ಕಟ್ಟಬಾರದಾಗಿತ್ತಾ, ಮಂಕೆ?" ಎಂದು ನಾನು ಬಯ್ದೆ. ಅವನು ನಕ್ಕ. "ನಿನ್ ಜವಾಬ್ದಾರಿ ನಾನ್ ತಗಂಡೆ. ನಂದ್ನ ಯಾರವ್ವ ತಗತಾರೆ?" ಅಂದ. ತಮಾಷೆಗೇ ಅಂದದ್ದು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ, ಕೇಳಿಸಿಕೊಂಡನೋ ಇಲ್ಲವೋ ಗೊತ್ತಾಗಲಿಲ್ಲ.

ಕೋಟೆಯಲ್ಲಿ ಮೇಷ್ಟ್ರದು ಒಂದು ಚಿಕ್ಕ ಹೆಂಚಿನ ಮನೆ. ಅವರ ಹೆಂಡತಿ ಬಾಗಿಲು ತೆಗೆದರು. ಅಪ್ಪ ಒಂದು ಬುಟ್ಟಿ ಅಚ್ಚುಬೆಲ್ಲ ಹೊತ್ತು ತಂದಿದ್ದ. ಆ ತಾಯಿ ಬುಟ್ಟಿ ನೋಡಿದರು, ನನ್ನ ಹುಬ್ಬಿನ ಮೇಲಿನ ಗಾಯದ ಗುರುತು ನೋಡಿದರು.

"ಆಲೆಮನೆಯವರು ನೀವೇನಾ?" ಎಂದು ಕೇಳಿದರು. "ಸಕ್ಕರೆ ಕಾಯಿಲೆ ಮನುಷ್ಯ, ಒಂದು ಚಿಟಿಕೆ ಸಕ್ಕರೆ ಮುಟ್ಟೋಹಾಗಿಲ್ಲ. ಅವತ್ತು ನಿಮ್ಮಲ್ಲಿ ತಿಂದು ಬಂದು ಮಲಗಿದವರು ಎದ್ದು ಕೂರೋದಕ್ಕೆ ಮೈಸೂರಿಂದ ಡಾಕ್ಟರು ಬರಬೇಕಾಯಿತು."

ಅಪ್ಪ ಬುಟ್ಟಿ ಕೆಳಗಿಟ್ಟ. ಒಳಗಿಂದ ಮೇಷ್ಟ್ರು ಬಂದರು, ಮೊದಲಿಗಿಂತ ಅರ್ಧ ಆಗಿದ್ದರು. ಯಾರಿಗೂ ತಲೆ ಬಾಗದ ನಮ್ಮಪ್ಪ ಆ ಹಜಾರದಲ್ಲಿ ಅವರ ಕಾಲು ಹಿಡಿದುಕೊಂಡ.

"ಒಂದ್ ಮಾತ್ ಏಳಬಾರ್ದಾಗಿತ್ತಾ ಸ್ವಾಮಿ? ಯಾಕ್ ತಿಂದ್ರಿ?"

"ಏಳಿ, ಏಳಿ," ಎಂದು ಅವರು ತಾವೇ ಬಗ್ಗಿ ಅಪ್ಪನ ಭುಜ ಹಿಡಿದರು. ಎಂದಿನ ಹಾಗೇ ಮೆತ್ತಗಿನ ದನಿ. "ಎಷ್ಟೋ ವರ್ಷದಿಂದ ಬೆಲ್ಲ ತಿಂದಿರಲಿಲ್ಲ ರೀ. ಬಹಳ ರುಚಿಯಾಗಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಬಂತು ಮಗು, ಗಣಿತದಲ್ಲಿ?" ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ಹಿಂದಿರುಗುವಾಗ ಅಪ್ಪ ಬಸ್ ಸ್ಟ್ಯಾಂಡಿಗೆ ನನಗಿಂತ ಮುಂದೆ ನಡೆದ. ಬಸ್ಸಿನ ಗಾಜು ಒರೆಸುತ್ತಿದ್ದ ಯಜಮಾನನ ಹತ್ತಿರ ಹೋಗಿ, ಅವನ ಕೈಯಿಂದ ಬಟ್ಟೆ ಕಿತ್ತು ಬಾನೆಟ್ಟಿನ ಮೇಲೆ ಇಟ್ಟ.

"ನಡೀಲಾ ನಮ್ಮಟ್ಟಿಗೆ. ಉಣ್ಣಾಕೆ ಮುದ್ದೆ ಅದೆ, ಮಲಗಾಕೆ ಜಗುಲಿ ಅದೆ. ಇವ್ಳು ಏಳ್ಕೊಡ್ತಾಳೆ. ಓದು."

ಅವನು ಡ್ರೈವರನ್ನು ನೋಡಿದ, ನನ್ನನ್ನು ನೋಡಿದ. "ಗೌಡ್ರೆ, ನಂಗೆ ಇಂಗ್ಲೀಸ್ ತಲೆಗೆ ಅತ್ತಾಕಿಲ್ಲ" ಅಂದ, ಚಿಕ್ಕ ಹುಡುಗನ ಹಾಗೆ. "ಅತ್ಸಾಣ ನಡಿ" ಅಂದ ಅಪ್ಪ.

ಹೀಗೆ ನನ್ನ ಹಣೆ ಒಡೆದವನೇ ನನ್ನ ಮೊದಲನೇ ವಿದ್ಯಾರ್ಥಿ. ನಡುವೆ ಅಜ್ಜಿ ಕೂತು ಎಲೆ ಅಡಿಕೆ ಮೆಲ್ಲುತ್ತ ಕಾವಲು ಕಾಯುತ್ತಿದ್ದಳು. ಊರಿನವರು ಏನೇನೋ ಆಡಿಕೊಂಡರು. ಆಡೋ ಬಾಯಿಗೆ ಬೀಗ ಉಂಟೇ? ಬೇಸಾಯದ ಕೆಲಸ ಮಾಡಿಕೊಂಡೇ ಓದಿದ. ನಾನು ಬಯ್ದಷ್ಟು ಅವನ ಭಾವನೂ ಬಯ್ದಿರಲಿಕ್ಕಿಲ್ಲ. ಇಷ್ಟಾದರೂ ಪುಣ್ಯಾತ್ಮ ಆ ಸಲ ಇಂಗ್ಲಿಷಿನಲ್ಲಿ ಮತ್ತೆ ಡುಮ್ಕಿ ಹೊಡೆದ. ಸುದ್ದಿ ಬಂದ ಸಂಜೆ ತನ್ನ ಬಟ್ಟೆ ಗಂಟು ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದ, ಹೋಗಿಬರ್ತೀನಿ ಅಂತ ಹೇಳಲು.

ಅಪ್ಪ ದನಕ್ಕೆ ಹುಲ್ಲು ಹಾಕುತ್ತಿದ್ದವನು ತಿರುಗಿಯೂ ನೋಡಲಿಲ್ಲ. "ಒಂದ್ ಬೆಳೆ ಕೈಕೊಟ್ರೆ ಒಲ ಮಾರ್ಕೊಂಡು ಓಗ್ತಾರೇನ್ಲಾ? ಗಂಟು ಒಳಗಿಡು. ಕೈಕಾಲು ತೊಳ್ಕಂಡು ಉಣ್ಣಾಕೆ ಬಾ" ಅಂದ.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ಶಾಲೆ ಬಿಡಿಸಿದ ಅಪ್ಪನ ಬಾಯಲ್ಲಿ ಈ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು. ಅದನ್ನು ತೋರಿಸೋ ಜಾತಿಯವಳೇ ನಾನು? "ಉಂಡಾದ ಮೇಲೆ ಇಂಗ್ಲಿಷ್ ಪುಸ್ತಕ ತಗೊಂಡು ಬಾ, ಮೊದಲನೇ ಪಾಠದಿಂದ" ಎಂದು ಗದರಿದೆ. ಅವನು ಗಂಟು ಒಳಗಿಟ್ಟು ಕೈಕಾಲು ತೊಳೆಯಲು ಹೋದ.